ನೆರೆ ಬಂದು ಇಳಿಯುವ ಬಯಲಿನಲ್ಲೇ ಇಷ್ಟೊಂದು ಜಾತಿಯ ಮೀನು ಏಕೆ?

ನೀರಂಚು

ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ. ಅಮೆಜಾನ್ ಕೊಳ್ಳದಲ್ಲಿ ಈವರೆಗೆ ಹೆಸರಿಟ್ಟಿರುವ ಸಿಹಿನೀರಿನ ಮೀನುಗಳು 2,400 ಜಾತಿಗೂ ಮಿಕ್ಕಿವೆ. ಆಗ್ನೇಯ ಏಷ್ಯಾದ ಮೆಕಾಂಗ್ ಕೊಳ್ಳದಲ್ಲಿ 1,100ಕ್ಕೂ ಹೆಚ್ಚು. ಎರಡೂ ಪ್ರತಿ ವರ್ಷ ದಡ ಮೀರಿ ಬಯಲಿಗೆ, ಕಾಡಿಗೆ ನುಗ್ಗುವ ನದಿಗಳು. ಮಧ್ಯ ಅಮೆಜಾನಿನಲ್ಲಿ ತುಂಬಿದಾಗಿನ ಮಟ್ಟಕ್ಕೂ ಇಳಿದಾಗಿನ ಮಟ್ಟಕ್ಕೂ ಸುಮಾರು 10 ಮೀಟರ್ ವ್ಯತ್ಯಾಸ. ವರ್ಷದ ಅರ್ಧ ಭಾಗ ಮರದ ರೆಂಬೆಗಳ ನಡುವೆ ಈಜಾಟ, ಉಳಿದರ್ಧ ಬತ್ತುತ್ತಿರುವ ಹೊಂಡದಲ್ಲಿ ಇಕ್ಕಟ್ಟು. ನೀರಿನ ಬಣ್ಣ, ಬಿಸಿ, ಸೆಳೆತ, ಆಮ್ಲಜನಕ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ.

ಇಷ್ಟು ಏರುಪೇರು ಇರುವ ಕಡೆ ಗಟ್ಟಿ ಜೀವದ ನಾಲ್ಕು ಜಾತಿ ಮಾತ್ರ ಉಳಿದು, ಸೂಕ್ಷ್ಮವಾದವು ಅಳಿದುಹೋಗಬೇಕಿತ್ತಲ್ಲವೇ? ಆಗಿರುವುದು ತಿರುವುಮುರುವು. ಜೊತೆಗೇ ಇನ್ನೊಂದು ಪ್ರಶ್ನೆ: ಅಣೆಕಟ್ಟು ಕಟ್ಟಿ ವರ್ಷವಿಡೀ ಒಂದೇ ಮಟ್ಟದಲ್ಲಿ ನೀರು ನಿಲ್ಲಿಸಿದರೆ ಮೀನಿಗೆ ಅನುಕೂಲವೇ ಆಗಬೇಕಲ್ಲ? ಬಲ್ಲವರು ವಿವರವಾಗಿ ಬರೆಯಿರಿ, ಉದ್ದವಾದರೂ ಓದುತ್ತೇನೆ.

ಹೊಳೆಸಾಲು

ಉದ್ದವಾಗಿಯೇ ಬರೆಯುತ್ತೇನೆ, ಚಿಕ್ಕದಾಗಿ ಹೇಳಿದರೆ ಈ ವಿಷಯ ಕೆಡುತ್ತದೆ.

ನೆರೆ ಯಾವಾಗ, ಎಷ್ಟು ಬರುತ್ತದೋ ತಿಳಿಯದ ಕಡೆ ಅದು ಮೀನಿಗೂ ಆಪತ್ತೇ. ಆದರೆ ನೀವು ಹೇಳಿದ ನದಿಗಳಲ್ಲಿ ನೆರೆ ವರ್ಷಾವರ್ಷ ಹೆಚ್ಚುಕಡಿಮೆ ಅದೇ ಹೊತ್ತಿಗೆ ಏರಿ, ತಿಂಗಳುಗಟ್ಟಲೆ ನಿಂತು, ನಿಧಾನಕ್ಕೆ ಇಳಿಯುತ್ತದೆ. ಸಾವಿರಾರು ತಲೆಮಾರು ಹೀಗೇ ನಡೆದರೆ ಮೀನಿನ ಮೈಯೇ ಆ ವೇಳಾಪಟ್ಟಿಗೆ ಒಗ್ಗಿಕೊಳ್ಳುತ್ತದೆ. ಅಂಥ ಕಡೆ ಆಪತ್ತು ಎಂದರೆ ನೆರೆ ಬಾರದ ವರ್ಷ.

1980ರಲ್ಲಿ ಬಂದ ಹೆಸರಾಂತ ಸಿದ್ಧಾಂತವೊಂದು ನದಿಯನ್ನು ಹುಟ್ಟಿನಿಂದ ಕಡಲಿನವರೆಗೆ ಉದ್ದಕ್ಕೆ ನೋಡಿತ್ತು: ಮೇಲಿನಿಂದ ತೇಲಿಬಂದ ಎಲೆ, ಕಸಕಡ್ಡಿಯೇ ಕೆಳಗಿನ ಜೀವಿಗಳಿಗೆ ಆಧಾರ ಎಂದು. 1989ರಲ್ಲಿ ವುಲ್ಫ್‌ಗಾಂಗ್ ಯುಂಕ್, ಪೀಟರ್ ಬೇಲಿ, ರಿಚರ್ಡ್ ಸ್ಪಾರ್ಕ್ಸ್ ಮೂವರೂ ಸೇರಿ ನದಿಯನ್ನು ಅಡ್ಡಕ್ಕೆ ನೋಡಿದರು. ದೊಡ್ಡ ನೆರೆಬಯಲಿರುವ ನದಿಯಲ್ಲಿ ಮೀನಿನ ಹೊಟ್ಟೆ ಸೇರುವುದರಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಪಕ್ಕದ ಬಯಲಿನಲ್ಲೇ. ನದಿಯ ಪಾತ್ರ ಮುಖ್ಯವಾಗಿ ಓಡಾಟದ ದಾರಿ ಮತ್ತು ನೀರಿಳಿದಾಗಿನ ಆಸರೆ ಎಂಬುದು ಅವರ ವಾದ. ನೆರೆಯ ಏರಿಳಿತವನ್ನು ಅವರು ನಾಡಿಮಿಡಿತವಾಗಿ ಕಂಡರು. ಈ ಕ್ಷೇತ್ರದಲ್ಲಿ ಇವತ್ತಿಗೂ ಮಾತು ಶುರುವಾಗುವುದು ಅಲ್ಲಿಂದಲೇ.

ಒಣಗಿದ ಬಯಲಿಗೆ ಮೊದಲ ನೀರು ಹರಡಿದಾಗ ಏನಾಗುತ್ತದೆ ನೋಡಿ. ಬಿರುಕುಬಿಟ್ಟ ಮಣ್ಣು, ಒಣಹುಲ್ಲು, ತರಗೆಲೆ, ಸಗಣಿ ಎಲ್ಲದರಿಂದಲೂ ಸಾರಜನಕ, ರಂಜಕ ನೀರಿಗೆ ಇಳಿಯುತ್ತವೆ. ನೀರು ಮೊಣಕಾಲುದ್ದ, ಹಾಗಾಗಿ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ಕೆಲವೇ ದಿನಗಳಲ್ಲಿ ಪಾಚಿ, ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅವನ್ನು ತಿನ್ನಲು, ಮಣ್ಣಿನಲ್ಲಿ ಮೊಟ್ಟೆಯಾಗಿ ಮಲಗಿದ್ದ ರೋಟಿಫರ್ ಎಂಬ ಅತಿ ಸಣ್ಣ ಜಲಜೀವಿಗಳು ಏಳುತ್ತವೆ. ವಾರ ಎರಡು ವಾರದಲ್ಲಿ ಅವಕ್ಕಿಂತ ದೊಡ್ಡದಾದ ನೀರುಚಿಗಟಗಳು. ಈಗ ಮೀನಿನ ಕಡೆ ಬನ್ನಿ. ರೋಹು, ಕಾಟ್ಲಾ, ಮೃಗಾಲ್ ಏರುನೀರಿನಲ್ಲಿ ದಡದಾಚೆಯ ತಗ್ಗು ಬಯಲಿಗೆ ಬಂದು ಮೊಟ್ಟೆ ಬಿಡುತ್ತವೆ. ಬೆಚ್ಚನೆಯ ನೀರಿನಲ್ಲಿ 14ರಿಂದ 18 ಗಂಟೆಯೊಳಗೆ ಮೊಟ್ಟೆ ಒಡೆಯುತ್ತದೆ. ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲದ ಆಹಾರ ಸುಮಾರು ಮೂರು ದಿನಕ್ಕೆ ಖಾಲಿ. ಖಾಲಿಯಾದ ಹೊತ್ತಿಗೆ ಆ ಪುಟ್ಟ ಬಾಯಿಗೆ ಹಿಡಿಸುವಂಥದ್ದೇನಾದರೂ ಪಕ್ಕದಲ್ಲೇ ಇರಬೇಕು, ಇಲ್ಲದಿದ್ದರೆ ಮರಿ ಉಳಿಯುವುದಿಲ್ಲ. ನದಿಯ ನಡುಹರಿವಿನಲ್ಲಿ ಅದು ಸಿಗುವುದು ಕಷ್ಟ. ಹುಲ್ಲು ಮುಳುಗಿದ ಬಯಲಿನಲ್ಲಿ ಅದೇ ವಾರ ರೋಟಿಫರ್‌ಗಳ ಸುಗ್ಗಿ. ಮರಿ ಬೆಳೆದಂತೆ ತುತ್ತೂ ದೊಡ್ಡದಾಗುತ್ತ ಹೋಗುತ್ತದೆ.

ಇದು ಉಷ್ಣವಲಯಕ್ಕೆ ಮಾತ್ರ ಸೀಮಿತವಲ್ಲ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ಪಕ್ಕದಲ್ಲಿ ಯೋಲೊ ಬೈಪಾಸ್ ಎಂಬ ವಿಶಾಲ ನೆರೆಬಯಲಿದೆ. ಅಲ್ಲಿಗೆ ಹೊಕ್ಕ ಚಿನೂಕ್ ಸಾಲ್ಮನ್ ಮರಿಗಳು ನದಿಯಲ್ಲೇ ಉಳಿದ ಮರಿಗಳಿಗಿಂತ ಬೇಗ ಬೆಳೆದವೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಾರಣ ಅದೇ: ಬೆಚ್ಚನೆಯ ನೀರು, ಬೇಕಾದಷ್ಟು ಹುಳುಹುಪ್ಪಟೆ.

ಗಾತ್ರದ ಅಂದಾಜಿಗೆ ಕಾಂಬೋಡಿಯಾದ ಟೋನ್ಲೆ ಸಾಪ್ ಸಾಕು. ಒಣಗಾಲದಲ್ಲಿ ಸುಮಾರು 2,500 ಚದರ ಕಿ.ಮೀ. ಇರುವ ಸರೋವರ ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ, ನಡುವಿನ ನದಿಯೇ ಹಿಮ್ಮುಖವಾಗಿ ಹರಿದು, 15,000 ಚದರ ಕಿ.ಮೀ.ವರೆಗೂ ಹರಡಿಕೊಳ್ಳುತ್ತದೆ. ಸುತ್ತಲಿನ ಕಾಡು ಮುಳುಗಿ ಮರಿಗಳ ಅಡಗುತಾಣವಾಗುತ್ತದೆ. ಅಕ್ಟೋಬರ್ ಕಳೆದು ನೀರು ತಿರುಗಿದಾಗ ಕೋಟಿಗಟ್ಟಲೆ ಚಿಕ್ಕ ಮೀನು ಮೆಕಾಂಗ್ ಕಡೆ ಹೊರಡುತ್ತವೆ. ಅಲ್ಲಿನ ಚೀಲಬಲೆಗಳಿಗೆ ಅತಿ ಹೆಚ್ಚು ಮೀನು ಬೀಳುವುದು ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ.

ಗುಂಡಿಮೀನು

ಚೆನ್ನಾಗಿದೆ. ಆದರೆ ನೀವು ಹೇಳಿದ್ದೆಲ್ಲ ಮೀನು *ಹೆಚ್ಚು* ಏಕೆ ಎಂಬುದಕ್ಕೆ ಉತ್ತರ, *ಬಗೆಬಗೆ* ಏಕೆ ಎಂಬುದಕ್ಕಲ್ಲ. ಆಹಾರ ಹೇರಳವಾಗಿದ್ದರೆ ಗಟ್ಟಿಗ ಜಾತಿಯೊಂದೇ ಬಯಲನ್ನೆಲ್ಲ ತುಂಬಿಕೊಳ್ಳಬಹುದಿತ್ತಲ್ಲ? ಅದೂ ಅಲ್ಲದೆ ಆಫ್ರಿಕಾದ ಮಲಾವಿ, ಟಾಂಗಾನ್ಯಿಕಾ ಸರೋವರಗಳಲ್ಲಿ ನೆರೆಬಯಲೇ ಇಲ್ಲದೆ ನೂರಾರು ಜಾತಿಯ ಸಿಕ್ಲಿಡ್ ಮೀನುಗಳಿವೆ. ಕಾಂಗೊ ನದಿಯ ಕೆಳಭಾಗದ ರಭಸದ ಕೊರಕಲುಗಳಲ್ಲಿ 300ಕ್ಕೂ ಹೆಚ್ಚು ಜಾತಿಗಳಿವೆ, ಅಲ್ಲಿ ಬಯಲು ಎಲ್ಲಿಂದ ಬಂತು?

ಕೆಸರುನೀರು

ಗುಂಡಿಮೀನು ಹಿಡಿದಿರುವುದು ಸರಿಯಾದ ಎಳೆ. ಹೊಸ ಜಾತಿ ಹುಟ್ಟುವುದು ಬೇರೆ, ಹುಟ್ಟಿದ ಜಾತಿಗಳು ಒಂದೇ ಕಡೆ ಒಟ್ಟಿಗೆ ಉಳಿಯುವುದು ಬೇರೆ. ಕಾಂಗೊ ಕೊರಕಲುಗಳಲ್ಲಿ ರಭಸವೇ ಮೀನಿನ ಗುಂಪುಗಳನ್ನು ಬೇರ್ಪಡಿಸಿ ಹೊಸ ಜಾತಿಗೆ ಎಡೆ ಮಾಡಿಕೊಟ್ಟಿತು. ಅಮೆಜಾನಿನ ಎಣಿಕೆಯ ಹಿಂದೆಯೂ ಲಕ್ಷಾಂತರ ವರ್ಷಗಳ ಭೂಚರಿತ್ರೆ, ಅಗಾಧ ವಿಸ್ತಾರ ಎಲ್ಲ ಇವೆ. ನೆರೆಬಯಲಿನ ದೊಡ್ಡ ಕೆಲಸ ಎರಡನೆಯದು. ಯಾವ ಜಾತಿಗೂ ಪೂರ್ತಿ ಗೆಲ್ಲಲು ಅದು ಬಿಡುವುದಿಲ್ಲ.

ಹೇಗೆಂದರೆ, ನೀರಿಳಿದಾಗ ಬಯಲಿನ ಮೇಲೆ ಉಳಿಯುವ ಹೊಂಡಗಳೆಲ್ಲ ಒಂದೇ ತರಹ ಇರುವುದಿಲ್ಲ. ಒಂದು ಆಳವಾಗಿ ತಿಳಿಯಾಗಿರುತ್ತದೆ, ಪಕ್ಕದ್ದು ತೆಳುವಾಗಿ, ಗಾಳಿಗೆ ತಳದ ಕೆಸರೆದ್ದು ಕದಡಿರುತ್ತದೆ. ವೆನೆಜುವೆಲಾದ ಒರಿನೊಕೊ ನೆರೆಬಯಲಿನ ಸರೋವರಗಳಲ್ಲಿ ರೊಡ್ರಿಗಸ್ ಮತ್ತು ಲೂಯಿಸ್ ಇದನ್ನೇ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು. ತಿಳಿನೀರಿನಲ್ಲಿ ಕಣ್ಣಿನಿಂದ ನೋಡಿ ಬೇಟೆಯಾಡುವ ಕ್ಯಾರಸಿನ್, ಸಿಕ್ಲಿಡ್ ಗುಂಪುಗಳದ್ದು ಮೇಲುಗೈ. ಕದಡಿದ ನೀರಿನಲ್ಲಿ ಮೀಸೆಯಿಂದ ತಡಕಾಡುವ ಬೆಕ್ಕುಮೀನುಗಳದ್ದು, ಮೈಯಿಂದ ಸಣ್ಣ ವಿದ್ಯುತ್ ಹೊಮ್ಮಿಸಿ ಸುತ್ತಲಿನದನ್ನು ತಿಳಿಯುವ ಚಾಕುಮೀನುಗಳದ್ದು. ತುಂಬಿದಾಗ ಒಂದೇ ನೀರಾಗಿದ್ದ ಜಾಗಗಳು ಇಳಿದಾಗ ಬೇರೆ ಬೇರೆ ಲೋಕ.

ತುಂಬಿದಾಗ ಏನಾಗುತ್ತದೆ? ಬೆರಕೆ. ಬ್ರೆಜಿಲ್‌ನಲ್ಲಿ ಮೇಲ್ ಪರಾನಾ ನದಿಯ ನೆರೆಬಯಲನ್ನು ಬಹುಕಾಲ ಅಭ್ಯಾಸ ಮಾಡಿದವರಲ್ಲೊಬ್ಬರಾದ ಥೊಮಾಜ್ ಮತ್ತವರ ಸಂಗಡಿಗರು 2007ರಲ್ಲಿ ಬರೆದದ್ದು ಇದನ್ನೇ: ನೆರೆಯ ಹೊತ್ತಿನಲ್ಲಿ ಜಲತಾಣಗಳು ಒಂದನ್ನೊಂದು ಹೋಲುತ್ತವೆ, ಇಳಿದಾಗ ಒಂದೊಂದೂ ತನ್ನ ದಾರಿ ಹಿಡಿಯುತ್ತದೆ. ನನ್ನ ದೃಷ್ಟಿಯಲ್ಲಿ ನೆರೆಬಯಲಿನ ವೈವಿಧ್ಯದ ಗುಟ್ಟು ಇರುವುದು ಇಲ್ಲೇ. ಬರೀ ನೆರೆ ಇದ್ದರೆ ಎಲ್ಲ ಕಡೆ ಅದೇ ಮೀನುಗಳಾಗುತ್ತಿದ್ದವು. ಬರೀ ಬೇರ್ಪಟ್ಟ ಹೊಂಡಗಳಿದ್ದರೆ ಒಂದೊಂದರಲ್ಲೂ ಜಾತಿಗಳು ಒಂದೊಂದಾಗಿ ನಂದಿಹೋಗುತ್ತಿದ್ದವು, ಮತ್ತೆ ತುಂಬಿಕೊಡುವವರಿಲ್ಲ. ಸೇರುವುದು, ಬೇರಾಗುವುದು ಎರಡೂ ಸರದಿಯಲ್ಲಿ ನಡೆಯಬೇಕು.

ಇನ್ನು ಬದುಕುವ ಬಗೆ. 1992ರಲ್ಲಿ ವೈನ್‌ಮಿಲ್ಲರ್ ಮತ್ತು ರೋಸ್ ಮೀನುಗಳ ಬಾಳಿನ ಕ್ರಮವನ್ನು ಮೂರು ತುದಿಗಳ ನಡುವೆ ಇಟ್ಟು ನೋಡಿದರು. ಮೊದಲನೆಯವು ಚಿಕ್ಕ ಮೈ, ಬೇಗ ಪ್ರಾಯ, ಮತ್ತೆ ಮತ್ತೆ ಮೊಟ್ಟೆ. ಯಾವ ಮೂಲೆ ಖಾಲಿಯಾದರೂ ತಕ್ಷಣ ತುಂಬುತ್ತವೆ. ಎರಡನೆಯವು ದೊಡ್ಡ ಮೈ, ಒಮ್ಮೆಗೇ ಲಕ್ಷಗಟ್ಟಲೆ ಮೊಟ್ಟೆ, ಮರಿಯ ಆರೈಕೆ ಇಲ್ಲ. ಒಳ್ಳೆಯ ನೆರೆಯ ವರ್ಷವೊಂದು ಸಿಕ್ಕರೆ ಹಿಂದಿನ ಕೆಟ್ಟ ವರ್ಷಗಳ ನಷ್ಟವೆಲ್ಲ ತುಂಬಿಬರುತ್ತದೆ. ಮೂರನೆಯವು ಕಡಿಮೆ ಮೊಟ್ಟೆ ಇಟ್ಟು ಮರಿ ಕಾಯುವಂಥವು. ನೀರು ಹೆಚ್ಚು ಬದಲಾಗದ ವರ್ಷ ಇವಕ್ಕೆ ಲಾಭ. ನೆರೆ ಪ್ರತಿ ವರ್ಷ ಬಂದರೂ ಎತ್ತರ, ಅವಧಿ ಅದೇ ಇರುವುದಿಲ್ಲ. ಈ ಸಲ ಒಬ್ಬರಿಗೆ ಸುಗ್ಗಿ, ಮುಂದಿನ ಸಲ ಇನ್ನೊಬ್ಬರಿಗೆ. ಒಂದೇ ಜಾತಿ ಬಯಲು ತುಂಬಿಕೊಳ್ಳದಿರುವುದು ಇದರಿಂದ.

ಹಿನ್ನೀರು

ಇದಕ್ಕೆ ಪೂರಕವಾಗಿ: ಮೆಕಾಂಗ್ ಕಡೆ ಮೀನುಗಳನ್ನು ಬಿಳಿ, ಕಪ್ಪು, ಬೂದು ಎಂದು ವಿಂಗಡಿಸುವ ರೂಢಿಯಿದೆ. ಮೊಟ್ಟೆಗೂ ಮೇವಿಗೂ ದೂರ ದೂರ ಓಡಾಡಿ, ಬೇಸಿಗೆಗೆ ದೊಡ್ಡ ನದಿಯ ಮಡುಗಳಿಗೆ ಮರಳುವವು ಬಿಳಿ. ಬಯಲು ಬಿಟ್ಟು ಹೋಗದೆ ಕೆಸರು ಹೊಂಡದಲ್ಲೇ ಬೇಸಿಗೆ ಕಳೆಯುವವು ಕಪ್ಪು. ಕೊರವ, ಮುರುಗೋಡು, ಏರುಮೀನು ಈ ಪಂಗಡ. ಪಕ್ಕದ ತೊರೆಯವರೆಗೆ ಹೋಗಿಬರುವವು ಬೂದು. ಒಂದೇ ಬಯಲನ್ನು ಮೂರೂ ಪಂಗಡ ಬೇರೆ ಬೇರೆ ರೀತಿಯಲ್ಲಿ ಬಳಸುತ್ತವೆ. ನದಿಗೆ ಅಡ್ಡಗಟ್ಟಿದರೆ ಮೊದಲು ಬಿಳಿಯವಕ್ಕೆ ಪೆಟ್ಟು, ಹೊಂಡ ಮುಚ್ಚಿದರೆ ಕಪ್ಪಿನವಕ್ಕೆ.

ತಿಳಿಗೊಳ

ಕಪ್ಪು ಮೀನುಗಳು ಆ ಕೆಸರಿನಲ್ಲಿ ಉಸಿರಾಡುವುದು ಹೇಗೆ? ಕೊಳೆಯುವ ಸೊಪ್ಪು, ಬಿಸಿ ನೀರು, ರಾತ್ರಿ ಹೊತ್ತು ದ್ಯುತಿಸಂಶ್ಲೇಷಣೆ ಇಲ್ಲ. ಬೆಳಗಿನ ಜಾವಕ್ಕೆ ಆಮ್ಲಜನಕ ಬಹುತೇಕ ಮುಗಿದಿರಬೇಕು.

ಹಿನ್ನೀರು

ಹೌದು, ಎಷ್ಟೋ ಕಡೆ ಮುಗಿದೇ ಇರುತ್ತದೆ. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಏರುಮೀನಿನ ಕಿವಿರಿನ ಮೇಲೊಂದು ಗೂಡಿದೆ. ಅದರಲ್ಲಿ ಮಡಿಕೆ ಮಡಿಕೆಯಾದ ತೆಳು ಮೂಳೆಯ ಮೇಲೆ ರಕ್ತನಾಳ ತುಂಬಿದ ಪೊರೆ; ಮೇಲೆ ಬಂದು ಗಾಳಿ ಗುಟುಕರಿಸಿ ಅಲ್ಲಿ ಆಮ್ಲಜನಕ ಹೀರುತ್ತದೆ. ಮುರುಗೋಡಿನಲ್ಲಿ ಅದೇ ಜಾಗದಲ್ಲಿ ಕವಲೊಡೆದ ಪುಟ್ಟ ಮರದಂಥ ಅಂಗ. ಚೇಳುಮೀನಿನಲ್ಲಿ ಬೆನ್ನಿನುದ್ದಕ್ಕೆ ಹಿಂದಕ್ಕೆ ಚಾಚಿದ ಎರಡು ಗಾಳಿಚೀಲ. ಇವು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಮೂಡಿದ ಉಪಾಯಗಳು. ಆಫ್ರಿಕಾದ ಪುಪ್ಪುಸಮೀನು ಇನ್ನೂ ಮುಂದೆ ಹೋಗಿ, ನೀರು ಬತ್ತಿದಾಗ ಕೆಸರಿನಲ್ಲಿ ಬಿಲ ಕೊರೆದು, ಮೈಯ ಲೋಳೆ ಒಣಗಿಸಿ ಗೂಡು ಮಾಡಿಕೊಂಡು, ಬಾಯಿಯ ಹತ್ತಿರ ಗಾಳಿಗೆ ಸಣ್ಣ ಕಂಡಿ ಬಿಟ್ಟು ಮುಂದಿನ ನೀರಿಗಾಗಿ ತಿಂಗಳುಗಟ್ಟಲೆ ಮಲಗುತ್ತದೆ.

ಗಾಳಿ ಕುಡಿಯಲಾರದ ಮೀನುಗಳಿಗೂ ದಾರಿಯಿದೆ. ನೀರಿನ ಮೇಲ್ಮೈಯ ಕೂದಲೆಳೆಯಷ್ಟು ಪದರದಲ್ಲಿ ಗಾಳಿಯಿಂದ ಬೆರೆತ ಆಮ್ಲಜನಕ ಸದಾ ಸ್ವಲ್ಪ ಇರುತ್ತದೆ. ಅಮೆಜಾನಿನ ತಂಬಾಕಿ ಮೀನು ಆ ಪದರವನ್ನೇ ಕಿವಿರಿಗೆ ಹಾಯಿಸಿಕೊಳ್ಳುತ್ತದೆ. ಆಮ್ಲಜನಕ ಕುಸಿದ ಕೆಲವೇ ಗಂಟೆಗಳಲ್ಲಿ ಅದರ ಕೆಳತುಟಿ ಊದಿ ಮುಂದಕ್ಕೆ ಚಾಚುತ್ತದೆ. ಆ ತುಟಿ ಉಸಿರಾಟದ ಅಂಗವಲ್ಲ, ಮೇಲ್ಪದರದ ನೀರನ್ನು ಬಾಯೊಳಕ್ಕೆ ತಿರುಗಿಸುವ ತೂಬು. ನೀರು ಸರಿಹೋದ ಮೇಲೆ ತುಟಿ ಮತ್ತೆ ಇಳಿಯುತ್ತದೆ.

ಪಿರರುಕುವಿನ ಉಸಿರಾಟವೇ ಅದರ ಸಂರಕ್ಷಣೆಗೆ ನೆರವಾಯಿತು. ಎರಡು ಮೀಟರಿಗೂ ಮೀರಿ ಬೆಳೆಯುವ ಆ ಮೀನು ಗಾಳಿಗಾಗಿ ಮೇಲೆ ಬರಲೇಬೇಕು. ಬ್ರೆಜಿಲ್‌ನ ಮಾಮಿರಾವಾ ನೆರೆಕಾಡಿನ ಮೀನುಗಾರರು ನೀರಿಳಿದ ಸರೋವರಗಳಲ್ಲಿ ದೋಣಿಯಲ್ಲಿ ಕುಳಿತು, 20 ನಿಮಿಷದ ಅವಧಿಗಳಲ್ಲಿ ಮೇಲೆದ್ದ ಮೀನುಗಳನ್ನು ಎಣಿಸುತ್ತಾರೆ. ಸದ್ದು, ಅಲೆ ಕಂಡೇ ಇದು ದೊಡ್ಡದು, ಇದು ಎಳೆಯದು ಎಂದು ಹೇಳಬಲ್ಲರು. ಅವರ ಎಣಿಕೆಯನ್ನು ವಿಜ್ಞಾನಿಗಳು ಬೇರೆ ವಿಧಾನದಿಂದ ತಾಳೆ ನೋಡಿದಾಗ ಹೊಂದಿಕೆಯಾಯಿತು. ಎಷ್ಟು ಹಿಡಿಯಬಹುದೆಂಬ ಪ್ರಮಾಣ ಆ ಎಣಿಕೆಯ ಮೇಲೆ ನಿಗದಿಯಾಗುತ್ತದೆ. ಆ ಸರೋವರಗಳಲ್ಲಿ ಪಿರರುಕು ಚೇತರಿಸಿಕೊಂಡಿದೆ.

ಗುಂಡಿಮೀನು

ಉಸಿರಾಟದ ಮಾತು ಬಂದಾಗ ಕಿಲ್ಲಿಮೀನು ಬಿಡುವಂತಿಲ್ಲ. ಹೊಂಡ ಪೂರ್ತಿ ಒಣಗಿದರೆ ತಾನು ಸತ್ತು, ಮೊಟ್ಟೆಯಾಗಿ ಉಳಿಯುವ ಮೀನು ಅದು. ಮೊಜಾಂಬಿಕ್, ಜಿಂಬಾಬ್ವೆ ಭಾಗದ ನೀಲಿ ಹಸಿರು ಕಿಲ್ಲಿಮೀನು ಹೆಚ್ಚಾಗಿ ಎರೆಮಣ್ಣಿನ ತಳವಿರುವ ಹೊಂಡಗಳಲ್ಲೇ ಸಿಗುತ್ತದೆ, ಒಣಗಿ ಬಿರಿದ ಆ ಜಿಗುಟು ಮಣ್ಣು ಮೊಟ್ಟೆಯನ್ನು ಕಾಪಾಡುತ್ತದೆ. ಭ್ರೂಣದ ಬೆಳವಣಿಗೆ ಮೂರು ಹಂತಗಳಲ್ಲಿ ನಿಂತು ಕಾಯಬಲ್ಲದು. ಎಲ್ಲ ಮೊಟ್ಟೆಗಳೂ ಒಟ್ಟಿಗೆ ಎಚ್ಚರಗೊಳ್ಳುವುದಿಲ್ಲ. ಮೊದಲ ಮಳೆ ಹುಸಿಯಾಗಿ ಹೊಂಡ ಮತ್ತೆ ಒಣಗಿದರೆ, ಮಲಗಿಯೇ ಇದ್ದ ಮೊಟ್ಟೆಗಳು ಮುಂದಿನ ಮಳೆಗೆ ಏಳುತ್ತವೆ. ಎದ್ದ ಮರಿ ಸಹಜ ಹೊಂಡದಲ್ಲಿ ಎರಡೇ ವಾರದಲ್ಲಿ ಪ್ರಾಯಕ್ಕೆ ಬಂದದ್ದು 2018ರಲ್ಲಿ ದಾಖಲಾಗಿದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ವೇಗ ಇನ್ನೆಲ್ಲೂ ಕಂಡಿಲ್ಲ.

ಒಂದು ಮಾತು ಮಾತ್ರ. ಇಂಥ ಹೊಂಡಗಳಲ್ಲಿ ಬಹಳಷ್ಟು ಮಳೆಯಿಂದಷ್ಟೇ ತುಂಬುವಂಥವು. ನದಿಯ ನೆರೆ ಒಳಗೆ ಬಂದರೆ ಬೇಟೆಗಾರ ಮೀನೂ ಬರುತ್ತದೆ. ಅಂದರೆ ಬಯಲಿನ ಅಂಚಿನಲ್ಲಿ ನೆರೆ ಮುಟ್ಟದ ಗುಂಡಿಗೂ ಅದರದೇ ಬೆಲೆಯಿದೆ.

ತೆಂಕಣಹೊಳೆ

ಎಲ್ಲರೂ ನೆರೆಯನ್ನು ಹೊಗಳುತ್ತಿದ್ದೀರಿ. ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ನದಿಗಳ ಕಡೆಯ ಚಿತ್ರ ಬೇರೆ. ಅಲ್ಲಿ ನೆರೆ ಪ್ರತಿ ವರ್ಷ ಬರುವುದಿಲ್ಲ. ಬಂದರೂ ಎಷ್ಟೋ ಸಲ ಚಳಿಗಾಲದ ಕೊನೆಯಲ್ಲಿ, ನೀರಿನ್ನೂ ತಣ್ಣಗಿರುವಾಗ ಬರುತ್ತದೆ. ಮರ್ರೆ ಕಾಡ್ ಎಂಬ ದೊಡ್ಡ ಬೇಟೆಗಾರ ಮೀನು ನೆರೆ ಇರಲಿ ಇಲ್ಲದಿರಲಿ, ನೀರು ಬೆಚ್ಚಗಾದೊಡನೆ ಪ್ರತಿ ವರ್ಷ ಮೊಟ್ಟೆ ಇಡುತ್ತದೆ. ಹಂಫ್ರೀಸ್, ಕಿಂಗ್, ಕೋನ್ 1999ರಲ್ಲಿ ಇದನ್ನೇ ಮುಂದಿಟ್ಟರು: ಅಲ್ಲಿನ ಕೆಲವು ಜಾತಿಗಳು ನೆರೆಯಲ್ಲಲ್ಲ, ಬೇಸಿಗೆಯ ಕಡಿಮೆ ಹರಿವಿನಲ್ಲೇ ಮರಿ ಮಾಡಿ ಬೆಳೆಸುತ್ತವೆ, ಏಕೆಂದರೆ ಆಗ ನೀರು ಬೆಚ್ಚಗೆ, ನಿಂತಲ್ಲಿ ಆಹಾರ ಒತ್ತಾಗಿ ಸಿಗುತ್ತದೆ. ಗೋಲ್ಡನ್ ಪರ್ಚ್‌ನಂಥವಕ್ಕೆ ಮಾತ್ರ ಏರುನೀರು ಬೇಕು.

ನೆರೆಯೇ ಕೊಂದದ್ದೂ ಇದೆ. 2010–11ರಲ್ಲಿ ವರ್ಷಗಟ್ಟಲೆಯ ಬರ ಮುಗಿದು, ನೀಲಗಿರಿ ಜಾತಿಯ ರೆಡ್ ಗಮ್ ಮರಗಳ ಕಾಡುಗಳ ಮೇಲೆ ನೀರು ಹರಡಿತು. ಅಷ್ಟು ವರ್ಷ ಉದುರಿ ರಾಶಿಬಿದ್ದ ಎಲೆಯೆಲ್ಲ ಒಮ್ಮೆಗೇ ನೆನೆದು, ಚಹಾ ಡಿಕಾಕ್ಷನ್ ಬಣ್ಣದ ಕಪ್ಪು ನೀರು ನದಿಗೆ ಇಳಿಯಿತು. ಎಲೆಯಿಂದ ಕರಗಿದ ಇಂಗಾಲವನ್ನು ತಿಂದ ಬ್ಯಾಕ್ಟೀರಿಯಾ ಆಮ್ಲಜನಕ ಬರಿದು ಮಾಡಿದವು. ಮೀನು ಸತ್ತವು, ಮರ್ರೆ ಸೀಗಡಿಗಳು ಉಸಿರಿಗಾಗಿ ದಡ ಹತ್ತಿ ಕುಳಿತವು. 2022ರ ದೊಡ್ಡ ನೆರೆಯಲ್ಲಿ ಹೊರಗಿನಿಂದ ಬಂದ ಯುರೋಪಿನ ಕಾರ್ಪ್ ಮಿತಿಮೀರಿ ಮರಿ ಮಾಡಿತು. ನೆರೆ ಸ್ಥಳೀಯ ಮೀನು ಯಾವುದು, ಹೊರಗಿನದು ಯಾವುದು ಎಂದು ನೋಡುವುದಿಲ್ಲ.

ಹೊಳೆಸಾಲು

ತೆಂಕಣಹೊಳೆ ಬರೆದದ್ದು ತುಂಬ ಮುಖ್ಯ. ನೀರು ಏರುವುದೊಂದೇ ಸಾಲದು. ಬೆಚ್ಚಗಿರುವ ಹೊತ್ತಿಗೆ ಏರಬೇಕು, ಮರಿ ಈಜುವಷ್ಟಾದರೂ ದಿನ ನಿಲ್ಲಬೇಕು, ನಿಧಾನಕ್ಕೆ ಇಳಿಯಬೇಕು. ಕಪ್ಪು ನೀರಿನ ವಿಷಯದಲ್ಲಿ ಒಂದು ಸೇರಿಸುತ್ತೇನೆ. ಮೊದಲು ಆಗಾಗ ಬರುತ್ತಿದ್ದ ಸಣ್ಣ, ಮಧ್ಯಮ ನೆರೆಗಳು ಎಲೆಯನ್ನು ಸ್ವಲ್ಪ ಸ್ವಲ್ಪವೇ ತೊಳೆದುಕೊಂಡು ಹೋಗುತ್ತಿದ್ದವು. ನದಿಯನ್ನು ಅಣೆಕಟ್ಟುಗಳಿಂದ ಹಿಡಿದಿಟ್ಟ ಮೇಲೆ ಸಣ್ಣ ನೆರೆಗಳು ನಿಂತು, ಎಲೆ ರಾಶಿಯಾಗಲು ಬಿಡುವು ಸಿಕ್ಕಿತು. ಬರ ಆ ಬಿಡುವನ್ನು ಇನ್ನಷ್ಟು ಉದ್ದ ಮಾಡಿತು.

ನೀರಂಚು

ಕಾಡಿಗೆ ನೀರು ನುಗ್ಗಿದರೆ ಎಲೆ ಕೊಳೆತು ತೊಂದರೆ ಎಂದಾದರೆ ಅಮೆಜಾನಿನಲ್ಲಿ ಅದೇ ಕಾಡು ಮೀನಿಗೆ ವರ ಹೇಗೆ?

ಕೆಸರುನೀರು

ಅಲ್ಲಿ ನೆರೆ ವರ್ಷ ತಪ್ಪದೆ ಬರುವುದರಿಂದ ಎಲೆ ವರ್ಷಗಟ್ಟಲೆ ಕೂಡಿಬೀಳುವುದಿಲ್ಲ. ಆದರೂ ಆಮ್ಲಜನಕ ಕಡಿಮೆಯೇ. ಹಿನ್ನೀರು ಹೇಳಿದ ತುಟಿಯ ಉಪಾಯ ಹುಟ್ಟಿದ್ದೇ ಅಂಥ ನೀರಿನಲ್ಲಿ. ಪ್ರತಿಯಾಗಿ ಕಾಡು ಕೊಡುವುದು ಹಣ್ಣು, ಬೀಜ, ಕೀಟ, ನೆರಳು, ಅಡಗುವ ಬೇರು.

ತಂಬಾಕಿಯ ಬಾಯಿ ನೋಡಿದರೆ ಮನುಷ್ಯರ ದವಡೆ ಹಲ್ಲಿನಂಥ ಅಗಲ ಹಲ್ಲುಗಳಿವೆ. ನೆರೆಕಾಡಿನ ರಬ್ಬರ್ ಮರದ ಕಾಯಿ ಸಿಡಿದು ಬೀಜ ನೀರಿಗೆ ಬೀಳುವಾಗ ಮೀನು ಆ ಮರದಡಿಯೇ ಕಾದಿರುತ್ತದೆ, ಗಟ್ಟಿ ಚಿಪ್ಪನ್ನು ಒಡೆದು ತಿನ್ನುತ್ತದೆ. ನೀರಿಳಿದ ತಿಂಗಳುಗಳಲ್ಲಿ ಆಗ ಕೂಡಿಟ್ಟ ಕೊಬ್ಬಿನ ಮೇಲೇ ಹೆಚ್ಚಾಗಿ ಬದುಕು. ಒಡೆಯದೆ ನುಂಗಿದ ಸಣ್ಣ ಬೀಜಗಳು ಹೊಟ್ಟೆಯಲ್ಲಿ ದೂರ ಸಾಗುತ್ತವೆ. 2011ರ ಅಧ್ಯಯನವೊಂದರ ಲೆಕ್ಕದಲ್ಲಿ ತಂಬಾಕಿ 5 ಕಿ.ಮೀ.ಗೂ ಹೆಚ್ಚು ದೂರಕ್ಕೆ ಬೀಜ ಒಯ್ಯಬಲ್ಲದು. ಬ್ರೆಜಿಲ್‌ನ ಪಾಂತನಾಲ್ ಜೌಗಿನಲ್ಲಿ ಪಾಕು ಮೀನು ತಾಳೆ ಜಾತಿಯ ಮರವೊಂದಕ್ಕೆ ಇದೇ ಸೇವೆ ಮಾಡುತ್ತದೆ. ಮೈ ದೊಡ್ಡದಾದಷ್ಟೂ ಹೆಚ್ಚು ಬೀಜ ಸಾಗುತ್ತದೆ, ನಾವು ಬಲೆ ಹಾಕುವುದೂ ದೊಡ್ಡದಕ್ಕೇ. ದೊಡ್ಡ ಮೀನೆಲ್ಲ ಖಾಲಿಯಾದರೆ ಕಾಡು ತನ್ನ ಬೀಜ ಒಯ್ಯುವವರನ್ನೇ ಕಳೆದುಕೊಳ್ಳುತ್ತದೆ. ಕಾಡು ಕಡಿದರೆ ಮೀನು ತನ್ನ ಮೇವನ್ನು. ನನಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ಕಾಡು ಒಂದು ಇಲಾಖೆಯ ಪಾಲಿಗೆ, ಮೀನು ಇನ್ನೊಂದರ ಪಾಲಿಗೆ ಹೋಗುವುದು ಬಹುತೇಕ ಎಲ್ಲ ದೇಶಗಳಲ್ಲೂ ನಡೆದಿದೆ.

ಹಿನ್ನೀರು

ನೀರಂಚು ಕೇಳಿದ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ. ವರ್ಷವಿಡೀ ಒಂದೇ ಮಟ್ಟದ ನೀರು ಮೀನಿಗೆ ಅನುಕೂಲವೇ?

ಜಾಂಬಿಯಾದ ಕಾಫುಯೆ ಬಯಲಿನ ಕಥೆ ಇದಕ್ಕೆ ಸರಿಯಾದ ಉತ್ತರ. ಬಯಲಿನ ಕೆಳಗೆ ಕಾಫುಯೆ ಗಾರ್ಜ್ ಅಣೆಕಟ್ಟು 1972ರಲ್ಲಿ, ಮೇಲೆ ಇಟೆಜಿ-ಟೆಜಿ 1978ರಲ್ಲಿ ಬಂದವು. ವಿದ್ಯುತ್ತಿಗೆ ಸಮ ಹರಿವು ಬೇಕಿತ್ತು. ಪರಿಣಾಮವಾಗಿ ಕೆಳತುದಿಯಲ್ಲಿ ವರ್ಷವಿಡೀ ನೀರು ನಿಂತಿತು, ಮೇಲ್ಭಾಗದಲ್ಲಿ ವಾಡಿಕೆಯ ನೆರೆ ಕುಗ್ಗಿತು. ಒಮ್ಮೆಯೂ ಒಣಗದ ನೆಲದಲ್ಲಿ ಮಣ್ಣು ಗಾಳಿ ಕಾಣುವುದಿಲ್ಲ, ಹುಲ್ಲು ಮರುಹುಟ್ಟುವುದಿಲ್ಲ, ಹೊಳೆಸಾಲು ವಿವರಿಸಿದ ಮೊದಲ ವಾರದ ಆ ಸುಗ್ಗಿ ಅಲ್ಲಿ ಏಳುವುದೇ ಇಲ್ಲ. ಆಫ್ರಿಕಾದ ನೆರೆಬಯಲುಗಳಲ್ಲಿ ಈ ವರ್ಷದ ಮೀನಿನ ಇಳುವರಿ ಹಿಂದಿನ ಒಂದೆರಡು ವರ್ಷಗಳ ನೆರೆಯನ್ನು ಹಿಂಬಾಲಿಸುತ್ತದೆಂದು ರಾಬಿನ್ ವೆಲ್ಕಮ್ 1970ರ ದಶಕದಲ್ಲೇ ತೋರಿಸಿದ್ದರು. ದೊಡ್ಡ ನೆರೆಯಲ್ಲಿ ಹುಟ್ಟಿದ ಮರಿ ಬಲೆಗೆ ಬೀಳುವ ಗಾತ್ರಕ್ಕೆ ಬರಲು ಅಷ್ಟು ಕಾಲ ಬೇಕು.

ನೀರು ಬಿಟ್ಟರೆ ಬಯಲು ಮರಳುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಕ್ಯಾಮೆರೂನ್‌ನ ವಾಜಾ-ಲೊಗೊನ್ ಬಯಲು 1979ರ ಮಾಗಾ ಅಣೆಕಟ್ಟು ಮತ್ತು ನದಿಯಂಚಿನ ಏರಿಯಿಂದ ಒಣಗಿತ್ತು. 1994ರಲ್ಲಿ ಮುಚ್ಚಿದ್ದ ಹಳೆಯ ಕಾಲುವೆಯೊಂದನ್ನು ಪ್ರಯೋಗಕ್ಕೆಂದು ತೆರೆದರು. ನೆರೆ ಮತ್ತೆ ಮುಟ್ಟಿದ ಕಡೆ ಬಹುವಾರ್ಷಿಕ ಹುಲ್ಲು ಬಂತು, ಮೀನೂ ಬಂತು. ಅಮೆರಿಕದ ಫ್ಲಾರಿಡಾದಲ್ಲಿ ಕಿಸಿಮ್ಮಿ ನದಿಯನ್ನು 1962 ಮತ್ತು 1971ರ ನಡುವೆ 166 ಕಿ.ಮೀ. ಅಂಕುಡೊಂಕಿನಿಂದ 90 ಕಿ.ಮೀ. ನೇರ ಕಾಲುವೆ ಮಾಡಿದ್ದರು. 1999ರಲ್ಲಿ ಆ ಕಾಲುವೆಯ ಭಾಗಗಳನ್ನು ಮತ್ತೆ ಮುಚ್ಚಲು ಶುರುಮಾಡಿ 2021ರಲ್ಲಿ ಮುಗಿಸಿದರು. ಹಳೆಯ ತಿರುವುಗಳಲ್ಲಿ ನೀರು ಹರಿದು, ಕರಗಿದ ಆಮ್ಲಜನಕ ಏರಿತು.

ಆದರೆ ಹೀಗೆ ಮರಳಿ ಕೊಟ್ಟದ್ದು ಕಡಿಮೆ. 1,000 ಕಿ.ಮೀ.ಗಿಂತ ಉದ್ದದ ನದಿಗಳಲ್ಲಿ ಉದ್ದಕ್ಕೂ ತಡೆಯಿಲ್ಲದೆ ಹರಿಯುವವು 37 ಶೇಕಡಾ ಮಾತ್ರ ಎಂದು 2019ರ ಜಾಗತಿಕ ಲೆಕ್ಕ ಹೇಳಿತು. ಟೋನ್ಲೆ ಸಾಪ್‌ನಲ್ಲೇ 2019ರಲ್ಲಿ ನದಿ ಹಿಮ್ಮುಖವಾಗುವುದು ತೀರಾ ತಡವಾಯಿತು. ಮಳೆ ಕೊರತೆಯ ಜೊತೆ ಮೇಲಿನ ಅಣೆಕಟ್ಟುಗಳೂ ಸೇರಿಕೊಂಡಿದ್ದವು.

ತಿಳಿಗೊಳ

ಇಳಿನೀರಿನ ಬಗ್ಗೆ ಒಂದು ಪ್ರಶ್ನೆ. ನೆರೆ ಇಳಿದ ಮೇಲೆ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನು ಒದ್ದಾಡುವುದನ್ನು ನೋಡಲಾಗುವುದಿಲ್ಲ. ಹಿಡಿದು ನದಿಗೆ ಬಿಡುವುದು ಒಳ್ಳೆಯದಲ್ಲವೇ?

ಗುಂಡಿಮೀನು

ಮೊದಲು ಯಾವ ಮೀನು ಎಂದು ನೋಡಿ. ಕೊರವ, ಮುರುಗೋಡು, ಏರುಮೀನು ಆಗಿದ್ದರೆ ಅದು ಅವುಗಳ ಮನೆಯೇ. ನದಿಯ ಸೆಳೆತಕ್ಕೆ ಬಿಟ್ಟರೆ ಅವಕ್ಕೇ ಕಷ್ಟ. ಉಳಿದವುಗಳಲ್ಲಿ ಒಂದು ಪಾಲು ಸಾಯುವುದು ನೆರೆಬಯಲಿನ ನಡೆಯಲ್ಲೇ ಇದೆ. ಕೊಕ್ಕರೆ, ನೀರುನಾಯಿ, ಬೇಟೆಗಾರ ಮೀನುಗಳ ವರ್ಷದ ಊಟ ನಿಂತಿರುವುದು ಇಳಿನೀರಿನ ಮೇಲೆ. ಆಫ್ರಿಕಾದ ಒಕವಾಂಗೊ ಜೌಗಿನ ಕಡೆ ನೀರಿಳಿಯುವಾಗ ದೊಡ್ಡ ಬೆಕ್ಕುಮೀನುಗಳು ಗುಂಪುಗೂಡಿ ಪಪೈರಸ್ ಹುಲ್ಲಿನ ಅಂಚಿನಲ್ಲಿ ಬಾಲ ಬಡಿಯುತ್ತ, ಬಯಲಿನಿಂದ ಹೊರಬರುವ ಸಣ್ಣ ಮೀನುಗಳನ್ನು ಹಿಂಡುಹಿಂಡಾಗಿ ಹಿಡಿಯುತ್ತವೆ. ಆ ಸದ್ದು ದೂರಕ್ಕೆ ಕೇಳಿಸುತ್ತದೆ.

ನೋಡಬೇಕಾದ್ದು ಮೀನು ಸಿಕ್ಕಿಬಿದ್ದದ್ದು ಏಕೆ ಎಂಬುದನ್ನು. ನೆಲದ ತಗ್ಗಿನಿಂದಲೇ ಆಗಿದ್ದರೆ ಬಿಡಿ. ರಸ್ತೆ ಏರಿಯಿಂದಲೋ, ಮುಚ್ಚಿದ ತೂಬಿನಿಂದಲೋ ಆಗಿದ್ದರೆ ಮಾತು ಬೇರೆ.

ಹೊಳೆಸಾಲು

ಅದಕ್ಕೆ ಒಳ್ಳೆಯ ದಾಖಲೆ ಬಾಂಗ್ಲಾದೇಶದಲ್ಲಿದೆ. ನೆರೆ ತಡೆಯಲು ಕಟ್ಟಿದ ಏರಿಗಳ ಒಳಗಿನ ಬಯಲಿನಲ್ಲಿ, ಹೊರಗಿನ ಬಯಲಿಗೆ ಹೋಲಿಸಿದರೆ ಮೀನಿನ ಜಾತಿಗಳು ಕಡಿಮೆ ಇದ್ದವು. ಇಲ್ಲವಾದವು ಮುಖ್ಯವಾಗಿ ದೂರದಿಂದ ಬರುವ ಬಿಳಿ ಮೀನುಗಳು. ಒಳಗೂ ನೀರು ನಿಲ್ಲುತ್ತಿತ್ತು, ಆದರೆ ಮಳೆನೀರು. ನದಿಯಿಂದ ಮೊಟ್ಟೆ ಮರಿ ತೇಲಿಬರುವ ಏರುನೀರಿನ ಆ ಕೆಲವೇ ವಾರಗಳಲ್ಲಿ ತೂಬಿನ ಬಾಗಿಲು ಮುಚ್ಚಿರುತ್ತಿತ್ತು.

ಹಾಗಾಗಿ ತಿಳಿಗೊಳ, ಬಕೆಟ್ ಹಿಡಿದು ಹೋಗುವುದಕ್ಕಿಂತ ಮೊದಲ ಏರುನೀರಿನ ದಿನ ಅಲ್ಲಿ ನಿಂತು ನೋಡಿ. ನೀರು ಬಯಲಿಗೆ ಹೊಗುವ ಜಾಗ ಯಾವುದು, ಮೋರಿಯ ಕೊಳವೆ ತೊರೆಯ ತಳಕ್ಕೆ ಸಮವಾಗಿದೆಯೋ ಅಥವಾ ಮೇಲಿನಿಂದ ಧುಮುಕುತ್ತಿದೆಯೋ, ಒಳಗೆ ಸೆಳೆತ ಎಷ್ಟು, ತೂಬು ಯಾವ ತಾರೀಕಿಗೆ ತೆರೆಯಿತು, ಯಾವಾಗ ಮುಚ್ಚಿತು ಎಂಬುದನ್ನು ಬರೆದಿಡಿ. ಒಂದು ಗೇಣು ಎತ್ತರದಿಂದ ಧುಮುಕುವ ಕೊಳವೆ ದೊಡ್ಡ ಮೀನಿಗೆ ತಡೆಯಲ್ಲದಿರಬಹುದು, ಬೆರಳುದ್ದದ ಮೀನಿಗೆ ಅದು ಗೋಡೆ. ತೂಬನ್ನು ಏರುನೀರಿನ ಆರಂಭದಲ್ಲಿ ಸ್ವಲ್ಪ ದಿನ ತೆರೆದಿಡುವುದು, ಇಳಿನೀರಿನಲ್ಲಿ ಬಾಗಿಲನ್ನು ಒಮ್ಮೆಗೇ ಎತ್ತದೆ ಹಂತಹಂತವಾಗಿ ಎತ್ತುವುದು, ಕೊಳವೆಯನ್ನು ತಳಮಟ್ಟಕ್ಕೆ ಇಳಿಸುವುದು — ಈ ಮೂರಕ್ಕೂ ಏರಿ ಒಡೆಯಬೇಕಾಗಿಲ್ಲ.

ನೀರಂಚು

ತೂಬು ತೆರೆದಿಡಬೇಕಾದ ದಿನಗಳನ್ನು ನಿರ್ಧರಿಸುವುದು ಹೇಗೆ? ನೀರಿನ ಮಟ್ಟ ನೋಡಿಯೋ, ಬಿಸಿ ನೋಡಿಯೋ?

ತೆಂಕಣಹೊಳೆ

ಎರಡೂ. ಸಾಧ್ಯವಿದ್ದರೆ ಸಣ್ಣ ಕಣ್ಣಿನ ಬಲೆಯನ್ನು ತೂಬಿನ ನದಿ ಕಡೆಗೆ ದಿನಕ್ಕೆ ಸ್ವಲ್ಪ ಹೊತ್ತು ಹಿಡಿದು ನೋಡಿ, ಹಗಲೊಮ್ಮೆ, ರಾತ್ರಿಯೊಮ್ಮೆ. ಎಷ್ಟೋ ಜಾತಿಗಳ ಮರಿ ಕತ್ತಲಲ್ಲೇ ಹೆಚ್ಚು ತೇಲಿಬರುತ್ತವೆ. ಮರಿ ಕಾಣತೊಡಗಿದ ದಿನದಿಂದ ಬಾಗಿಲು ತೆರೆದಿರಲಿ.